ಓಟ ಬಂದು ಹೋಯಿತು, ನಾಟಕ ಉಳಿಯಿತು: ಉತ್ತರ ಕನ್ನಡದ ಸಿದ್ದಿಗಳ ಒಂದು ಪ್ರಕರಣ

1980ರ ದಶಕದಲ್ಲಿ, ಆಫ್ರಿಕಾ ಮೂಲದ ಸಮುದಾಯವಾದ ಉತ್ತರ ಕನ್ನಡದ ಸಿದ್ದಿಗಳ ಊರುಗಳಿಗೆ ಹೊರಗಿನಿಂದ ಎರಡು ಬಗೆಯ ಜನ ಬಂದರು. ಮೊದಲು ನಾಟಕದವರು ಬಂದರು. ಕೆಲವೇ ವರ್ಷಗಳಲ್ಲಿ ಓಟದ ಕೋಚುಗಳು ಬಂದರು. ಇಬ್ಬರ ಉದ್ದೇಶವೂ ಒಳ್ಳೆಯದೇ. ಸಿದ್ದಿ ಮಕ್ಕಳಲ್ಲಿ ಶಕ್ತಿ ಇದೆ, ಅದಕ್ಕೊಂದು ದಾರಿ ಬೇಕು ಅಂತ ಇಬ್ಬರಿಗೂ ಅನ್ನಿಸಿತ್ತು. ಈಗ ಸುಮಾರು ನಲವತ್ತು ವರ್ಷ ಆಗಿದೆ. ಇವೆರಡರಲ್ಲಿ ಯಾವುದು ಆ ಜನರ ನೆಮ್ಮದಿಗೆ ಏನು ಕೊಟ್ಟಿತು, ಯಾವುದು ಕೈಬಿಟ್ಟು ಹೋಯಿತು ಅಂತ ನೋಡಲು ಇಷ್ಟು ಕಾಲ ಸಾಕು.

ಆಟ, ಹಾಡು, ಕುಣಿತ ಮೈಮನಸ್ಸಿಗೆ ಒಳ್ಳೆಯದು ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಲೆಯಿಂದ ಆರೋಗ್ಯಕ್ಕೆ ಲಾಭವಿದೆ ಎಂದು ಹೇಳಿತು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಆಡಬೇಕು ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ಆದರೆ ಈ ಮಾತನ್ನು ಯಲ್ಲಾಪುರದ ಕಾಡಿನ ನಡುವೆ ನಿಂತು ಕೇಳಿ. ಅಲ್ಲಿನ ಮಗು ಶಾಲೆಗೆ ನಡೆದೇ ಹೋಗುತ್ತದೆ. ಸೌದೆ ಹೊರುತ್ತದೆ, ನೀರು ತರುತ್ತದೆ, ಗುಡ್ಡ ಹತ್ತುತ್ತದೆ. ಅದರ ಮೈಗೆ ವ್ಯಾಯಾಮದ ಕೊರತೆ ಇಲ್ಲ. ಕೊರತೆ ಇರುವುದು ಹೊಟ್ಟೆತುಂಬ ಊಟಕ್ಕೆ, ಅರ್ಧಕ್ಕೆ ನಿಲ್ಲದ ಓದಿಗೆ, ನಾಲ್ಕು ಜನರ ನಡುವೆ ತಲೆ ಎತ್ತಿ ನಿಲ್ಲುವ ಧೈರ್ಯಕ್ಕೆ. ಹಾಗಾಗಿ ಪೇಟೆಯ ಮಗುವಿಗೆ ಆಟ ಕೊಡುವುದೇ ಬೇರೆ, ಈ ಮಗುವಿಗೆ ಆಟ ಕೊಡುವುದೇ ಬೇರೆ. ಈ ಪ್ರಕರಣವನ್ನು ಓದುವಾಗ ಇದೊಂದು ಮಾತು ನೆನಪಿರಲಿ.

ಸಿದ್ದಿಗಳು ಯಾರು

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ಕಡೆ ಅವರ ಮನೆಗಳಿವೆ. ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರದಲ್ಲೂ ಇದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಆಡುವುದು ಹೆಚ್ಚಾಗಿ ಕೊಂಕಣಿಯ ಒಂದು ಬಗೆ. ಹೊರಗೆ ಕನ್ನಡ. ಕೆಲವೆಡೆ ಮರಾಠಿ, ಉರ್ದು ಕೂಡ.

ಬದುಕು ಸುಲಭದ್ದಾಗಿರಲಿಲ್ಲ. ತಲೆಮಾರುಗಟ್ಟಲೆ ಅಡಿಕೆ ತೋಟಗಳಲ್ಲಿ ಆಳಾಗಿ ದುಡಿದರು. ಸಾಲಕ್ಕೆ ಜೀತ ಇದ್ದವರೂ ಉಂಟು. ಕಾಡಿನ ಜೇನು, ಬೆತ್ತ, ಕೂಲಿ ಇವೇ ಆಸರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ ಆ ಸೌಲಭ್ಯ ಸಿಗಲು 2020ರವರೆಗೆ ಕಾಯಬೇಕಾಯಿತು.

ಇದೆಲ್ಲದರ ಮೇಲೆ ದಿನನಿತ್ಯದ ಒಂದು ನೋವಿದೆ. ಗುಂಗುರು ಕೂದಲು, ಕಪ್ಪು ಮೈ ನೋಡಿ ಬಸ್ಸಿನಲ್ಲಿ, ಸಂತೆಯಲ್ಲಿ ಜನ ತಿರುಗಿ ತಿರುಗಿ ನೋಡುತ್ತಾರೆ. ಯಾವ ದೇಶದವರು ನೀವು ಅಂತ ಕೇಳುತ್ತಾರೆ. ನೂರಾರು ವರ್ಷದಿಂದ ಇದೇ ಮಣ್ಣಿನಲ್ಲಿದ್ದು, ಇದೇ ಕನ್ನಡ ಮಾತಾಡುವವರಿಗೆ ಈ ಪ್ರಶ್ನೆ ಎಷ್ಟು ಚುಚ್ಚುತ್ತದೆ ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ. ನೆಮ್ಮದಿಯ ಬಗ್ಗೆ ಮಾತಾಡುವಾಗ ನಾನು ಈ ಪ್ರಶ್ನೆಯನ್ನು ರಕ್ತಹೀನತೆಯಷ್ಟೇ ಗಂಭೀರವಾಗಿ ಎಣಿಸುತ್ತೇನೆ.

ಮೊದಲೇ ಇದ್ದದ್ದು

ಹೊರಗಿನವರು ಬರುವ ಮೊದಲು ಅಲ್ಲಿ ಏನೂ ಇರಲಿಲ್ಲ ಅಂದುಕೊಂಡರೆ ತಪ್ಪು. ಡಮಾಮಿ ಇತ್ತು. ದೊಡ್ಡ ಚರ್ಮವಾದ್ಯ ನಡುವೆ ಇಟ್ಟು, ಅದರ ಪೆಟ್ಟಿಗೆ ಸುತ್ತ ಹಾಡುತ್ತಾ ಕುಣಿಯುವುದು. ಹೆಂಗಸರ ಪುಗಡಿ ಕುಣಿತ ಇತ್ತು. ಹಿಂದೂ ಸಿದ್ದಿಗಳ ಮನೆಯಲ್ಲಿ ಮಹಾನವಮಿಗೆ ಹಿರಿಯರ ಪೂಜೆ ಇತ್ತು, ಈಗಲೂ ಇದೆ. ದೂರದ ಊರುಗಳಿಗೆ ಹೋದ ಮಕ್ಕಳೂ ಆ ದಿನ ಮೂಲ ಮನೆಗೆ ಬರುತ್ತಾರೆ. ಯಲ್ಲಾಪುರ ತಾಲೂಕಿನ ಕಾಡಿನಲ್ಲಿರುವ ಸಿದ್ದಿ ನಾಸ್ ಎಂಬ ದೈವದ ಜಾಗಕ್ಕೆ ವರ್ಷಕ್ಕೊಮ್ಮೆ ಜನ ಕೂಡುತ್ತಾರೆ.

ಡಮಾಮಿಯ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದಿದೆ. ಅಲ್ಲಿ ಕುಣಿಯುವವರು ಬೇರೆ, ನೋಡುವವರು ಬೇರೆ ಅಂತ ಗೆರೆ ಇಲ್ಲ. ಅಜ್ಜಿ ಎದ್ದು ನಾಲ್ಕು ಹೆಜ್ಜೆ ಹಾಕಿ ಕೂರುತ್ತಾಳೆ. ಮಗು ನಡುವೆ ನುಗ್ಗುತ್ತದೆ. ತಾಳ ತಪ್ಪಿದರೆ ಯಾರೂ ಹೊರಗೆ ಹಾಕುವುದಿಲ್ಲ. ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಗಳು ಬೇರೆ ಬೇರೆ ಕಡೆ ಪ್ರಾರ್ಥನೆ ಮಾಡಿದರೂ ಡಮಾಮಿಯ ಸದ್ದಿಗೆ ಎಲ್ಲರ ಕಾಲೂ ಎದ್ದೇಳುತ್ತದೆ. ಮೂರು ಧರ್ಮಗಳಲ್ಲಿ ಹಂಚಿಹೋದ ಒಂದು ಸಣ್ಣ ಸಮುದಾಯ ನಾವೆಲ್ಲ ಒಂದೇ ಅಂತ ಉಳಿದುಕೊಂಡು ಬಂದದ್ದರಲ್ಲಿ ಈ ಕುಣಿತದ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಸಿದ್ದಿ ಹೆಂಗಸರ ಕೌದಿಯೂ ಇದೇ ಸಾಲಿನದು. ಹಳೆ ಸೀರೆ, ಹರಿದ ಅಂಗಿಯ ತುಂಡು ಸೇರಿಸಿ ಹೊಲಿಯುತ್ತಾರೆ. ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವು ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಈಗ ಈ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ, ಒಂದಿಷ್ಟು ಹೆಂಗಸರ ಕೈಗೆ ಸ್ವಂತ ದುಡ್ಡು ಬಂದಿದೆ.

ನಾಟಕ ಬಂದಾಗ

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಅದನ್ನು ಕಟ್ಟಿದ ರೀತಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 1980ರ ದಶಕದ ಮೊದಲ ಭಾಗದಲ್ಲಿ ನೀನಾಸಂ 'ಜನಸ್ಪಂದನ' ಎಂಬ ಯೋಜನೆಯಲ್ಲಿ ಹಳ್ಳಿಗಳಿಗೆ ನಾಟಕ, ಸಿನಿಮಾ ತೆಗೆದುಕೊಂಡು ಹೋಯಿತು. ಆ ಹೊತ್ತಿನಲ್ಲೇ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳ ಜೊತೆ ನಾಟಕದ ಕೆಲಸ ನಡೆಯಿತು. ನಿರ್ದೇಶಕ ಚಿದಂಬರ ರಾವ್ ಜಂಬೆ. ಆಡಿದ್ದು ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿ ಆಧರಿಸಿದ ಕನ್ನಡ ನಾಟಕ.

ಈ ಆಯ್ಕೆಯನ್ನು ಸ್ವಲ್ಪ ಯೋಚಿಸಿ ನೋಡಿ. ಬಿಳಿಯರು ಬಂದ ಮೇಲೆ ಆಫ್ರಿಕಾದ ಒಂದು ಹಳ್ಳಿ ಹೇಗೆ ಒಳಗಿಂದ ಒಡೆದುಹೋಯಿತು ಅನ್ನುವ ಕಥೆ ಅದು. ತಮ್ಮ ಪೂರ್ವಜರ ಖಂಡದ ಹೆಸರನ್ನು ಅದುವರೆಗೆ ಹೆಚ್ಚಾಗಿ ಬೈಗುಳದ ಜೊತೆಯಲ್ಲೇ ಕೇಳಿದ್ದ ಜನ, ಆ ಖಂಡದ ರೈತನಾಗಿ, ಯೋಧನಾಗಿ, ತಾಯಿಯಾಗಿ ಕನ್ನಡದಲ್ಲಿ ಮಾತಾಡುತ್ತಾ ರಂಗದ ಮೇಲೆ ನಿಂತರು. ನೋಡಲು ಬಂದವರು ಸುತ್ತಮುತ್ತಲಿನ ಊರಿನವರೇ. ಹಗಲು ತಮ್ಮ ತೋಟಕ್ಕೆ ಕೂಲಿಗೆ ಬರುವವರನ್ನು ರಾತ್ರಿ ದೀಪದ ಬೆಳಕಿನಲ್ಲಿ ಅವರು ಕೆಳಗೆ ಕೂತು ನೋಡಿದರು. ಅದುವರೆಗೆ ಸಿದ್ದಿಗಳನ್ನು ಜನ ದಿಟ್ಟಿಸಿ ನೋಡುತ್ತಿದ್ದರು. ಇಲ್ಲಿ ಸಿದ್ದಿಗಳೇ ನಿಂತು, ನಮ್ಮನ್ನು ನೋಡಿ ಅಂದರು. ನೆಮ್ಮದಿ ಅನ್ನುವುದರಲ್ಲಿ ಇದೂ ಸೇರಿದೆ, ಅಲ್ವಾ?

ಆಮೇಲೆ ಒಂದು ದಾರಿ ಬಿತ್ತು. ಸಿದ್ದಿ ಹುಡುಗ ಹುಡುಗಿಯರು ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಕಲಿಯಲು ಹೋದರು. ಗಿರಿಜಾ ಸಿದ್ದಿ ನಟಿಯಾಗಿ, ಹಾಡುಗಾರ್ತಿಯಾಗಿ ಹೆಸರಾದರು. ಪ್ರಶಾಂತ್ ಸಿದ್ದಿ ನೀನಾಸಂನಿಂದ ಕನ್ನಡ ಸಿನಿಮಾಕ್ಕೆ ಬಂದು ಮನೆಮಾತಾದರು. ಒಬ್ಬರು ಹೋದ ದಾರಿ ಇನ್ನೊಬ್ಬರಿಗೆ ಕಂಡಿತು. ಅಕ್ಕ ನಾಟಕ ಕಲಿತರೆ ತಮ್ಮನಿಗೂ ಅಂಜಿಕೆ ಇಲ್ಲ. ಕಲಿತು ಬಂದವರು ಊರಿನ ಮಕ್ಕಳಿಗೆ ರಜೆಯಲ್ಲಿ ನಾಟಕ ಹೇಳಿಕೊಡಬಹುದು, ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಡ.

ನಾಟಕ ಎಲ್ಲವನ್ನೂ ಬದಲಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಜಮೀನು ಕೊಡಲಿಲ್ಲ. ಕೂಲಿ ಹೆಚ್ಚಿಸಲಿಲ್ಲ. ಡಮಾಮಿಯೂ ಈಗ ರೆಸಾರ್ಟುಗಳಿಗೆ, ಉತ್ಸವದ ಮೆರವಣಿಗೆಗಳಿಗೆ ಬಾಡಿಗೆಗೆ ಹೋಗುತ್ತದೆ. ದುಡ್ಡು ಬರುತ್ತದೆ ನಿಜ. ಆದರೆ ಎಲೆ, ಗರಿ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು 'ಆಫ್ರಿಕಾದವರ ಹಾಗೆ' ಕುಣಿಯಿರಿ ಅಂತ ಕೇಳುವವರಿದ್ದಾರೆ. ಬಂದ ಪ್ರವಾಸಿಗನ ಮುಂದೆ ಹತ್ತು ನಿಮಿಷ ಕುಣಿಯುವುದಕ್ಕೂ, ಮನೆಯ ಅಂಗಳದಲ್ಲಿ ಬೆಳತನಕ ಕುಣಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಹೊರಗಿನವನ ಆ ಹಳೆಯ ನೋಟವೇ ಟಿಕೆಟ್ ಕೊಂಡು ಕೂತಿರುತ್ತದೆ.

ಓಟ ಬಂದಾಗ

ಇನ್ನು ಓಟದ ಕಥೆ. 1982ರ ದೆಹಲಿ ಏಷ್ಯನ್ ಗೇಮ್ಸ್ ಮುಗಿದ ಮೇಲೆ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಅದೇ ವರ್ಷದ ಒಲಿಂಪಿಕ್ಸ್‌ನಿಂದ ಭಾರತ ಒಂದೂ ಪದಕ ಇಲ್ಲದೆ ಮರಳಿತು. ದೇಶಕ್ಕೆ ಪದಕದ ಹಸಿವು ಜೋರಾಗಿತ್ತು. ಆಗ ಪ್ರಾಧಿಕಾರದಲ್ಲಿದ್ದ ಐಎಎಸ್ ಅಧಿಕಾರಿ ಬಿ.ವಿ.ಪಿ. ರಾವ್ ಅವರ ಮುತುವರ್ಜಿಯಲ್ಲಿ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ' ಶುರುವಾಯಿತು. ಬುಡಕಟ್ಟು, ಗುಡ್ಡಗಾಡಿನ ಮಕ್ಕಳ ಸಹಜ ಕೌಶಲ ಹುಡುಕಿ ಬೆಳೆಸುವುದು ಇದರ ಗುರಿ. ರಾಜಸ್ಥಾನದ ಬುಡಕಟ್ಟು ಹುಡುಗ ಲಿಂಬಾ ರಾಮ್ ಬಿಲ್ಲುಗಾರಿಕೆಗೆ ಬಂದದ್ದು ಈ ಯೋಜನೆಯಿಂದಲೇ. 1992ರಲ್ಲಿ ಬೀಜಿಂಗ್‌ನಲ್ಲಿ ಅವರು ವಿಶ್ವದಾಖಲೆ ಸರಿಗಟ್ಟಿದರು. ಅಂದರೆ ಯೋಜನೆಯ ತಿರುಳು ಪೊಳ್ಳಾಗಿರಲಿಲ್ಲ.

1987ರ ಹೊತ್ತಿಗೆ ಕೋಚುಗಳು ಕರ್ನಾಟಕದ, ಗುಜರಾತಿನ ಸಿದ್ದಿಗಳ ಊರುಗಳಿಗೆ ಬಂದರು. ಮಕ್ಕಳನ್ನು ಓಡಿಸಿ ನೋಡಿದರು, ಕೆಲವರನ್ನು ಆರಿಸಿ ದೂರದ ಹಾಸ್ಟೆಲುಗಳಿಗೆ ಕರೆದುಕೊಂಡು ಹೋದರು. ಹೊತ್ತುಹೊತ್ತಿಗೆ ಊಟ, ಶೂ, ಬಟ್ಟೆ, ಶಾಲೆ. ಮನೆಯಲ್ಲಿ ಇದ್ಯಾವುದೂ ಸರಿಯಾಗಿ ಇಲ್ಲದ ಮಗುವಿಗೆ ಇದು ದೊಡ್ಡ ಬದಲಾವಣೆ. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥವರು ದೇಶದ ಅಥ್ಲೆಟಿಕ್ಸ್‌ನಲ್ಲಿ ಹೆಸರು ಮಾಡಿದರು. ಸಿದ್ದಿ ಅನ್ನುವ ಹೆಸರು ಮೊದಲ ಸಲ ಮೆಚ್ಚುಗೆಯ ಜೊತೆ ಪತ್ರಿಕೆಯಲ್ಲಿ ಬಂತು. ಇದನ್ನು ಕಡಿಮೆ ಮಾಡಿ ಹೇಳಲಾರೆ.

1993ರಲ್ಲಿ ಸಿದ್ದಿಗಳ ತರಬೇತಿ ನಿಂತಿತು. ಆರು ವರ್ಷ ಅಷ್ಟೇ. ಒಬ್ಬ ಓಟಗಾರ ಮಾಗುವುದಕ್ಕೇ ಎಂಟು ಹತ್ತು ವರ್ಷ ಬೇಕು. ಹನ್ನೊಂದರಲ್ಲಿ ಸೇರಿದ ಮಗು ಹದಿನೇಳಕ್ಕೆ ಬಂದಿರುತ್ತದೆ. ನಿಜವಾದ ಓಟ ಶುರುವಾಗುವ ವಯಸ್ಸಿಗೆ ಬಾಗಿಲು ಮುಚ್ಚಿತು. ಹಲವರು ಕಾಡಿನ ಮನೆಗೆ ಮರಳಿದರು. ಓಟ ಹೋಯಿತು, ಓದೂ ಅರ್ಧವಾಗಿತ್ತು. ಜೇನು, ಬೆತ್ತದ ಕೆಲಸ ಕಲಿಯುವ ವಯಸ್ಸು ಹಾಸ್ಟೆಲಿನಲ್ಲಿ ಕಳೆದಿತ್ತು. ಕೊನೆಗೆ ಮತ್ತೆ ಅದೇ ತೋಟ, ಅದೇ ಕೂಲಿ. ಆಸೆ ತೋರಿಸಿ ವಾಪಸು ಕಳಿಸುವುದು, ಏನೂ ತೋರಿಸದೇ ಇರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ನೌಕರಿ ಸಿಕ್ಕ ಕೂಡಲೇ ಓಟ ಬಿಟ್ಟರು, ಹಾಗಾಗಿ ಯೋಜನೆ ಸೋತಿತು ಎಂಬ ದೂರು ಕ್ರೀಡಾ ವಲಯದಲ್ಲಿ ಇದೆ. ಈ ದೂರು ನನಗೆ ಸರಿಬರುವುದಿಲ್ಲ. ಜೀತದ ನೆನಪು ಇನ್ನೂ ಆರದ ಮನೆಯ ಹುಡುಗನಿಗೆ ತಿಂಗಳ ಸಂಬಳ, ಪಿಂಚಣಿ ಇರುವ ಕೆಲಸ ಸಿಕ್ಕರೆ ಅದು ಸೋಲು ಹೇಗಾಗುತ್ತದೆ? ಪದಕದ ಲೆಕ್ಕದಲ್ಲಿ ಸೋಲು ಇರಬಹುದು. ಆ ಮನೆಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ. ಯೋಜನೆಯ ಕಾಗದದಲ್ಲಿ ಮನೆಯ ಲೆಕ್ಕಕ್ಕೆ ಕಾಲಂ ಇರಲಿಲ್ಲ, ಅಷ್ಟೇ.

ರಕ್ತದ ಮೇಲೆ ಹೊರಿಸಿದ ಭಾರ

ಇನ್ನೊಂದು ವಿಷಯಕ್ಕೆ ಬರಲೇಬೇಕು. ಸಿದ್ದಿಗಳನ್ನು ಆರಿಸಿದ್ದರ ಹಿಂದೆ ಒಂದು ನಂಬಿಕೆ ಇತ್ತು. ಆಫ್ರಿಕಾದವರು ಚೆನ್ನಾಗಿ ಓಡುತ್ತಾರೆ, ಇವರೂ ಆಫ್ರಿಕಾದವರು, ಇವರೂ ಓಡುತ್ತಾರೆ. ಇಂದಿಗೂ ಸಿದ್ದಿಗಳ ಬಗ್ಗೆ ಬರೆಯುವವರು ಈ ಮಾತನ್ನು ಸುಮ್ನೆ ಹೇಳಿಬಿಡುತ್ತಾರೆ.

ಕೆನ್ಯಾದ ದೂರದ ಓಟದ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವರು ಕಲೆಂಜಿನ್ ಸಮುದಾಯದವರು. ಅವರು ರಿಫ್ಟ್ ಕಣಿವೆಯ ಎತ್ತರದ ನಾಡಿನವರು. ಓಟಗಾರರ ಊರೆಂದೇ ಹೆಸರಾದ ಇಟೆನ್ ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಯಲ್ಲಾಪುರ, ಹಳಿಯಾಳ ಇರುವುದು ಐನೂರು ಆರುನೂರು ಮೀಟರಿನಲ್ಲಿ. ಸಿದ್ದಿಗಳ ಪೂರ್ವಜರು ಬಹುಪಾಲು ಬಾಂಟು ಭಾಷೆಗಳನ್ನಾಡುವ ಬೇರೆ ಜನ. ಸಿದ್ದಿಗಳಲ್ಲಿ ಆಫ್ರಿಕಾದ ಜೊತೆ ಭಾರತದ, ಬಹುಶಃ ಪೋರ್ಚುಗಲ್ ಕಡೆಯ ಅಂಶವೂ ಬೆರೆತಿದೆ ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದೆ. ಇಡೀ ಆಫ್ರಿಕಾವನ್ನು ಒಂದೇ ಊರು ಮಾಡಿ, ಅಲ್ಲಿಂದ ಬಂದ ಮಗುವಿನ ಕಾಲಿಗೆ ಪದಕ ಕಟ್ಟಿದ್ದು ವಿಜ್ಞಾನವಾಗಿರಲಿಲ್ಲ.

ಲೆಕ್ಕ ತಪ್ಪಾಗಿದ್ದಕ್ಕಿಂತ ಅದು ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದು ನನಗೆ ಮುಖ್ಯ. ನಿನ್ನ ರಕ್ತದಲ್ಲೇ ಓಟ ಇದೆ ಅಂತ ಹೇಳಿದರೆ, ಗೆದ್ದಾಗ ಆ ಗೆಲುವು ಮಗುವಿನ ದುಡಿಮೆಗೆ ಸೇರುವುದಿಲ್ಲ. ಸೋತಾಗ ಸೋಲು ಇಡೀ ಸಮುದಾಯದ ಮೇಲೆ ಬೀಳುತ್ತದೆ. ಜೊತೆಗೆ ಬಸ್ಸಿನಲ್ಲಿ ಕೇಳುವ ಆ ಪ್ರಶ್ನೆ, ಯಾವ ದೇಶದವರು ನೀವು ಅನ್ನುವುದು, ಸರ್ಕಾರಿ ಮೊಹರಿನೊಂದಿಗೆ ಮತ್ತೆ ಬಂದಂತಾಗುತ್ತದೆ. ನಾಟಕವೂ ಆಫ್ರಿಕಾವನ್ನೇ ತಂದಿತ್ತು. ಆದರೆ ಅದು ಓದಿ, ಆಡಿ, ತಮ್ಮ ಬಾಯಲ್ಲಿ ಹೇಳುವ ಕಥೆಯಾಗಿ ಬಂತು. ಓಟ ಅದನ್ನು ಅಳತೆಪಟ್ಟಿಯಾಗಿ ತಂದಿತು.

ಪಕ್ಕದ ಜಿಲ್ಲೆಗಳಾಚೆ ಒಂದು ನೋಟ

ಒಂದೊಂದು ಕೊಡವ ಕುಟುಂಬವೂ ಒಂದೊಂದು ತಂಡವಾಗಿ ಆಡುವ ಕೊಡಗಿನ ಕುಟುಂಬ ಹಾಕಿಯನ್ನು ಇಲ್ಲಿ ನೆನೆಯಬೇಕು. ಬ್ಯಾಂಕಿನಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಇದನ್ನು ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ ತಂಡಗಳು 360. ಅಜ್ಜ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಒಂದೇ ತಂಡದಲ್ಲಿ ಇರಬಹುದು. ಮೊದಲ ಸುತ್ತಿನಲ್ಲೇ ಸೋತ ಕುಟುಂಬ ಕೂಡ ವರ್ಷಕ್ಕೊಮ್ಮೆ ಒಟ್ಟಿಗೆ ಕೂತು ಊಟ ಮಾಡಿ ಹೋಗುತ್ತದೆ. ಪ್ರಳಯದಂಥ ಮಳೆ, ಕೋವಿಡ್ ಬಂದು ಕೆಲವು ವರ್ಷ ನಿಂತರೂ ಮತ್ತೆ ಶುರುವಾಯಿತು. ಶುರು ಮಾಡಿದವರು ಒಳಗಿನವರು, ನಡೆಸುವವರೂ ಒಳಗಿನವರು. ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ.

ಕೊಡವರಿಗೆ ಭೂಮಿ ಇತ್ತು, ಸೈನ್ಯದ ನಂಟಿತ್ತು, ಓದು ಇತ್ತು. ಸಿದ್ದಿಗಳಿಗೆ ಅದು ಇರಲಿಲ್ಲ. ಹಾಗಾಗಿ ನೀವೂ ಹಾಗೇ ಮಾಡಿ ಅನ್ನುವುದು ಅನ್ಯಾಯ. ಹೊರಗಿನ ಕೈ ಬೇಕು. ಆ ಕೈ ಎಷ್ಟು ಕಾಲ ಹಿಡಿದಿರುತ್ತದೆ, ಹಿಡಿತ ಯಾರದ್ದು ಅನ್ನುವುದಷ್ಟೇ ಪ್ರಶ್ನೆ.

ಈಗ

ಕಳೆದ ಹತ್ತು ವರ್ಷಗಳಲ್ಲಿ ಓಟ ಮತ್ತೆ ಬಂದಿದೆ. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮಕ್ಕಳಿಗೆ ತರಬೇತಿ ಕೊಡುತ್ತಿದೆ. ಸಿದ್ದಿ ಮಕ್ಕಳ ಜೊತೆ ದನ ಸಾಕುವ ಗೌಳಿ ಸಮುದಾಯದ ಮಕ್ಕಳೂ ಓಡುತ್ತಾರೆ. ಇದರಲ್ಲಿ ನನಗೆ ಇಷ್ಟವಾದ ಅಂಶ ಅದು ಇರುವ ಜಾಗ. ಮಗು ತನ್ನ ತಾಲೂಕಿನಲ್ಲೇ ಇರುತ್ತದೆ. ಹಬ್ಬಕ್ಕೆ ಮನೆಗೆ ಹೋಗಬಹುದು. ಓಟ ಬಿಟ್ಟರೂ ಊರು ಬಿಟ್ಟಂತಾಗುವುದಿಲ್ಲ. ಹಾಗೇ ಬೇರೆ ಸಮುದಾಯದ ಮಕ್ಕಳ ಜೊತೆ ಓಡುವಾಗ ರಕ್ತದ ಮಾತು ತಾನಾಗೇ ಹಿಂದೆ ಸರಿಯುತ್ತದೆ. ಹಳಿಯಾಳ ಮೊದಲಿನಿಂದ ಕುಸ್ತಿಯ ಊರು. ಅಲ್ಲಿ ಸಿದ್ದಿ ಹುಡುಗಿಯರು ಕುಸ್ತಿ ಕಣಕ್ಕೆ ಇಳಿದು ರಾಷ್ಟ್ರಮಟ್ಟದವರೆಗೆ ಹೋಗಿದ್ದಾರೆ. ಓಟಕ್ಕೆ ಹುಟ್ಟಿದವರು ಅನ್ನುವವರಿಗೆ ಇದೇ ಉತ್ತರ.

ಸಮುದಾಯದ ಸ್ಥಿತಿಯೂ 1987ರದ್ದಲ್ಲ. ಪರಿಶಿಷ್ಟ ಪಂಗಡದ ಹಕ್ಕು ಬಂದಿದೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಗಳಲ್ಲಿ ಶಾಸನಸಭೆಗೆ ಬಂದ ಮೊದಲಿಗರು ಅವರು. ಈಗ ಯೋಜನೆ ಮಾಡುವವರು ಸಿದ್ದಿಗಳ ಜೊತೆ ಕೂತು ಮಾತಾಡದೇ ಇರುವುದಕ್ಕೆ ಯಾವ ನೆಪವೂ ಇಲ್ಲ.

ಇನ್ನು ಮುಂದೆ ಈ ಊರುಗಳಲ್ಲಿ ಆಯ್ಕೆ ಶಿಬಿರ ನಡೆಸುವವರಿಗೆ ನನ್ನದು ಕೆಲವು ಬೇಡಿಕೆ. ಮಗು ಓಟದಲ್ಲಿ ಹಿಂದೆ ಬಿದ್ದರೂ ಹತ್ತನೇ ತರಗತಿ, ಪಿಯುಸಿ ಮುಗಿಯುವವರೆಗೆ ಹಾಸ್ಟೆಲಿನ ಜಾಗ ಕಿತ್ತುಕೊಳ್ಳಬೇಡಿ. ಇದನ್ನು ಮೊದಲ ದಿನವೇ ಬರೆದು ಅಪ್ಪ ಅಮ್ಮನ ಕೈಗೆ ಕೊಡಿ. ಓಡಿ ಅನುಭವ ಇರುವ ಸಿದ್ದಿಗಳನ್ನೇ, ಹೆಂಗಸರನ್ನೂ ಸೇರಿಸಿ, ಸಂಬಳದ ಕೋಚುಗಳಾಗಿ ತೆಗೆದುಕೊಳ್ಳಿ. ಮಹಾನವಮಿಗೆ ಶಿಬಿರ ಇಡಬೇಡಿ. ಆಯ್ಕೆಯಾಗದೇ ಮನೆಗೆ ಹೋದ ಮಕ್ಕಳಿಗೂ ವಾರಕ್ಕೆರಡು ದಿನ ಬಂದು ಆಡುವಂಥ ಮೈದಾನ ಹತ್ತಿರದ ಶಾಲೆಯಲ್ಲಿ ಇರಲಿ. ಪದಕ ತಂದವರ ಪಟ್ಟಿಯ ಪಕ್ಕದಲ್ಲೇ ಬಿಟ್ಟುಹೋದವರ ಪಟ್ಟಿಯನ್ನೂ ಇಟ್ಟುಕೊಳ್ಳಿ. ಐದು ವರ್ಷ ಆದ ಮೇಲೆ ಅವರ ಮನೆಗಳಿಗೆ ಹೋಗಿ, ಓದು ಎಲ್ಲಿಗೆ ಬಂತು, ಏನು ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ. 1993ರಲ್ಲಿ ಮರಳಿದ ಮಕ್ಕಳನ್ನು ಹಾಗೆ ಕೇಳಿದ್ದರೆ, ಆ ಯೋಜನೆಯ ಮುಂದಿನ ರೂಪ ಹೇಗಿರಬೇಕು ಅಂತ ಅವರೇ ಹೇಳುತ್ತಿದ್ದರು.